ಬೇಚರಾಕ ಎಂಬ ಹೆಸರು

ಸವಣೂರು
೧೨ ಜನವರಿ ೨೦೨೫

ಅಂಕಿತಾ ಅವರಿಗೆ,

ಪುಸ್ತಕದ ಒಳಪುಟದಲ್ಲಿ ನಿಮ್ಮ ವಿಳಾಸವಿತ್ತು. ಲೇಖಕರು ವಿಳಾಸ ಕೊಡುವುದು ಓದಿದವರು ಬರೆಯಲಿ ಎಂದೇ ಅಲ್ಲವೇ? ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾನು ನಸೀರಾ. ಸವಣೂರಿನ ಹೈಸ್ಕೂಲೊಂದರಲ್ಲಿ ಉರ್ದು ಮತ್ತು ಹಿಂದಿ ಕಲಿಸುತ್ತೇನೆ. ಕನ್ನಡ ಕಾದಂಬರಿ ಓದುವುದು ನನ್ನ ಸ್ವಂತ ಚಟ.

ನಿಮ್ಮ ‘ಬೇಚರಾಕ’ವನ್ನು ಹಾವೇರಿಯ ಅಂಗಡಿಯೊಂದರಲ್ಲಿ ಕೊಂಡೆ. ಅಂಗಡಿಯವನು, “ಟೀಚರ, ಹೆಸರ ತಿಳಿಯವಲ್ದು ಅಂತ ಯಾರೂ ಒಯ್ಯವಲ್ರು. ನೀವ ಮೊದಲನೇದವ್ರು” ಎಂದ. ನಾನು ಕೊಂಡದ್ದು ಆ ಹೆಸರಿಗಾಗಿಯೇ. ಭಾನುವಾರ ಬೆಳಿಗ್ಗೆ ಹಿಡಿದವಳು ಮುಗಿಸಿಯೇ ಎದ್ದೆ. ಒಲೆಯ ಮೇಲಿದ್ದ ಬೇಳೆ ತಳ ಹಿಡಿಯಿತು. ನನ್ನ ಯಜಮಾನರು ರಫೀಕ್, ವೀಳ್ಯದೆಲೆ ವ್ಯಾಪಾರದವರು, ಊಟಕ್ಕೆ ಕುಳಿತು, “ಇದು ಯಾವ ಪುಸ್ತಕದ ವಾಸನಿ?” ಎಂದು ಕೇಳಿದರು.

ಮುಂದೆಂದೋ ಬರುವ ಎಂಥ ಕಾಲವನ್ನು ಕಟ್ಟಿದ್ದೀರಿ! ಯಾರು ಬದುಕಿದ್ದಾರೆ, ಯಾರು ಇಲ್ಲ ಎಂಬುದನ್ನು ರಾಜಧಾನಿಯ ಯಂತ್ರವೊಂದು ತೀರ್ಮಾನಿಸುವ ಕಾಲ. ಅದು ‘ಇಲ್ಲ’ ಎಂದ ಊರಿಗೆ ರಸ್ತೆಯಿಲ್ಲ, ಶಾಲೆಯಿಲ್ಲ, ಕೊನೆಗೆ ಸ್ಮಶಾನವೂ ಇಲ್ಲ. ಇಲ್ಲದವರು ಸಾಯುವುದಾದರೂ ಹೇಗೆ? ನಿಮ್ಮ ಮುದುಕಿ ಕಚೇರಿಯ ಕಿಟಕಿಯ ಮುಂದೆ ನಿಂತು ‘ನಾನು ಇದ್ದೇನೆ’ ಎನ್ನುತ್ತಾಳೆ. ಒಳಗಿನವನು ಅವಳ ಮುಖ ನೋಡಿಕೊಂಡೇ ‘ಆ ಊರಲ್ಲಿ ಯಾರೂ ಇಲ್ಲ’ ಎನ್ನುತ್ತಾನೆ. ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ಬಂದೆ.

ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು, ಹೆಸರಿನ ಅರ್ಥವನ್ನು ಎಲ್ಲೂ ಬಾಯಿಬಿಟ್ಟು ಹೇಳದೆ ಕಥೆಯೊಳಗೆ ಕರಗಿಸಿದ್ದನ್ನು. ಹಾರುವ ಯಂತ್ರಗಳ ಕಣ್ಣಿಗೆ ಬೀಳಬಾರದೆಂದು ಆ ಊರಿನವರು ಸಂಜೆಯಾದರೆ ದೀಪ ಆರಿಸಿ ಕೂರುತ್ತಾರಲ್ಲ, ಬೇ-ಚಿರಾಗ್ ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಯಾರು ಬಿಡಿಸಬಲ್ಲರು? ಒಂದೇ ಪ್ರಶ್ನೆ: ನೀವು ಉರ್ದು ಎಲ್ಲಿ ಕಲಿತಿರಿ?

ನಿಮ್ಮ ಓದುಗರಲ್ಲೊಬ್ಬಳು,
ನಸೀರಾ


ಹಿರೇಕೆರೂರು
೧೮ ಜನವರಿ ೨೦೨೫

ನಸೀರಾ ಟೀಚರ್ ಅವರಿಗೆ ನಮಸ್ಕಾರ.

ನಾನು ಉರ್ದು ಕಲಿತಿಲ್ಲ! ಆ ಅರ್ಥ ನನಗೆ ಗೊತ್ತೇ ಇರಲಿಲ್ಲ! ನಿಮ್ಮ ಪತ್ರವನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಡೆದೆ. (ನಾನು ಇಲ್ಲಿ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ.) ‘ಬೇ-ಚಿರಾಗ್’ ಎಂಬಲ್ಲಿಗೆ ಬರುತ್ತಲೇ ಕಿರುಚಿಬಿಟ್ಟೆ. ಪಕ್ಕದಲ್ಲಿದ್ದ ಇತಿಹಾಸದ ಮೇಷ್ಟ್ರು ಚಹಾ ಚೆಲ್ಲಿಕೊಂಡರು.

ಆ ಮಾತು ನನಗೆ ಸಿಕ್ಕಿದ್ದು ಅಪ್ಪನಿಂದ. ನಮ್ಮದು ಗೋವಿನಜೋಳದ ವ್ಯಾಪಾರ. ಹಿಂದೆ ಅಪ್ಪ ಎಲ್ಲೋ ಜಮೀನು ನೋಡಲು ಹೋದಾಗ ಪಹಣಿಯಲ್ಲಿ ‘ಬೇಚರಾಕ ಗ್ರಾಮ’ ಎಂದಿತ್ತಂತೆ. ಹಾಗೆಂದರೇನು ಎಂದು ನಾನು ಕೇಳಿದ್ದಕ್ಕೆ ‘ಬೇವಾರ್ಸಿ ಊರು’ ಎಂದಿದ್ದರು. ವಾರಸುದಾರರಿಲ್ಲದ ಊರು, ಯಾರು ಬೇಕಾದರೂ ನುಂಗಬಹುದಾದ ಊರು. ಅದನ್ನೇ ನಂಬಿ ಇಡೀ ಕಾದಂಬರಿ ಬರೆದೆ. ದೀಪ ಆರಿಸುವುದು ಕಥೆಗೆ ಬೇಕೆಂದು ತಾನಾಗಿ ಬಂದದ್ದು, ಆಣೆ ಮಾಡಿ ಹೇಳುತ್ತೇನೆ.

ಕಾಲೇಜು ಬಿಟ್ಟದ್ದೇ ಅಂಗಡಿಗೆ ಓಡಿದೆ. ಅಪ್ಪ ಜೋಳದ ರಾಶಿಯ ಮುಂದೆ ನಿಂತಿದ್ದರು.

“ಅಪ್ಪಾ, ಬೇಚರಾಕ ಅಂದ್ರ ಬೇವಾರ್ಸಿ ಅಲ್ಲಂತ. ಚಿರಾಗ ಇಲ್ಲದ್ದು. ದೀಪ ಇಲ್ಲದ್ದು!”

ಅಪ್ಪ ಮುಷ್ಟಿಯಲ್ಲಿದ್ದ ಕಾಳನ್ನು ನಿಧಾನವಾಗಿ ರಾಶಿಗೆ ಬಿಟ್ಟರು. “ಹೌದೇನ? ಹಂಗಾರ ಅದು ಬೈಗಳ ಅಲ್ಲ ಬಿಡವಾ. ಯಾರೋ ಪಾಪ ಅತ್ತಗೊಂತ ಬರದಾರ” ಎಂದರು.

ಟೀಚರ್, ಅಪ್ಪನ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದೇ ಇಲ್ಲ.

ಈಗ ನಿಮ್ಮಿಂದ ಒಂದು ದೊಡ್ಡ ಉಪಕಾರ ಬೇಕು. ಹಾನಗಲ್ಲಿನ ನನ್ನ ಪ್ರಕಾಶಕ ಪ್ರಶಾಂತ ಎರಡನೇ ಮುದ್ರಣಕ್ಕೆ ಹೆಸರು ಬದಲಿಸೋಣ ಎಂದು ಗಂಟುಬಿದ್ದಿದ್ದಾನೆ. ‘ಕೊನೆಯ ಊರು’ ಎಂದಿಡಬೇಕಂತೆ. “ಜನರಿಗೆ ತಿಳಿಯದ ಹೆಸರು ಯಾಕ್ರಿ ಮೇಡಂ?” ಎನ್ನುತ್ತಾನೆ. ತಿಳಿಯುವಂತೆ ಮಾಡೋಣ! ಹೆಸರಿನ ಅರ್ಥದ ಬಗ್ಗೆ ನೀವೇ ಒಂದು ಮುನ್ನುಡಿ ಬರೆದುಕೊಡಿ. ನನ್ನ ಫೋನ್ ನಂಬರು ಕೆಳಗಿದೆ. ನಿಮ್ಮದನ್ನೂ ಕೊಡಿ, ಈಗಲೇ ಮಾತಾಡೋಣ!

ಅಂಕಿತಾ


ಸವಣೂರು
೨ ಫೆಬ್ರುವರಿ ೨೦೨೫

ಪ್ರಿಯ ಅಂಕಿತಾ,

ಫೋನ್ ಬೇಡ. ಫೋನಿನಲ್ಲಿ ನಾನು ಹೂಂ, ಹಾಂ ಎನ್ನುವುದರಲ್ಲೇ ಮುಗಿಸಿಬಿಡುತ್ತೇನೆ. ಕಾಗದದ ಮೇಲಾದರೆ ಬಾಯಿ ಬರುತ್ತದೆ.

ಅದು ಬೈಗುಳವಲ್ಲ ಎಂದು ನಿಮ್ಮ ತಂದೆ ಹೇಳಿದ್ದು ಸರಿ. ‘ಬೇ’ ಎಂದರೆ ಇಲ್ಲದ್ದು. ಬೇಕಾರ, ಬೇಫಿಕರ, ಬೇನಾಮಿ ಎಂದು ಕನ್ನಡದವರೂ ದಿನಾ ಆಡುತ್ತೀರಿ. ‘ಚಿರಾಗ್’ ಎಂದರೆ ದೀಪ. ಸಂಜೆ ಯಾವ ಮನೆಯಲ್ಲೂ ದೀಪ ಕಾಣದ ಊರು ಬೇಚಿರಾಗ್. ಆಗಿನ ಕಾಲದ ಕಾರಕೂನರು ಊರಿಗೆ ಬಂದು ತಲೆ ಎಣಿಸುತ್ತಿರಲಿಲ್ಲವೇನೋ. ದಿಬ್ಬದ ಮೇಲೆ ನಿಂತು ದೀಪ ನೋಡಿ ಬರೆದುಕೊಳ್ಳುತ್ತಿದ್ದರೇನೋ. ಇದು ನನ್ನ ಊಹೆ, ಪಾಠವಲ್ಲ. ಆಮೇಲೆ ಕನ್ನಡದ ನಾಲಗೆ ಚಿರಾಗನ್ನು ಚರಾಕ ಮಾಡಿಕೊಂಡಿತು. ನಮ್ಮಲ್ಲಿ ಮಗನನ್ನು ಮನೆಯ ಚಿರಾಗ್ ಎನ್ನುತ್ತಾರೆ. ನೀವೂ ಮಕ್ಕಳಿಲ್ಲದ ಮನೆಗೆ ‘ದೀಪ ಹಚ್ಚೋರಿಲ್ಲ’ ಎನ್ನುತ್ತೀರಿ. ಒಂದೇ ದುಃಖ, ಎರಡು ಭಾಷೆ.

ಇಷ್ಟನ್ನು ನಿಮ್ಮ ಪ್ರಕಾಶಕರಿಗೆ ಧಾರಾಳವಾಗಿ ತೋರಿಸಿ. ಆದರೆ ಮುನ್ನುಡಿ ನನ್ನಿಂದಾಗದು. ಕಾರಣ ಕೇಳಬೇಡಿ.

ಅಂಥದ್ದೊಂದು ಊರು ನೋಡಬೇಕೆಂದರೆ ಶಿಗ್ಗಾಂವಿ ತಾಲ್ಲೂಕಿನಲ್ಲಿ ದುಂಡಸಿಯ ಆಚೆ ಅತ್ತಿಕೊಪ್ಪ ಎಂದು ಒಂದಿತ್ತು. ಕೆರೆ ಒಡೆದು ಊರು ತೊಳೆದುಹೋಯಿತು, ಜನ ದಿಕ್ಕಾಪಾಲಾದರು. ಈಗ ಮುಳ್ಳುಕಂಟಿ ಬಿಟ್ಟರೆ ಅಲ್ಲಿ ಏನೂ ಇಲ್ಲ.

ನಸೀರಾ


ಹಿರೇಕೆರೂರು
೧೦ ಫೆಬ್ರುವರಿ ೨೦೨೫

ಟೀಚರ್,

ಅಲ್ಲಿ ಜನ ಇದ್ದಾರೆ!

ಮುನ್ನುಡಿ ಒಲ್ಲೆ ಎಂದದ್ದಕ್ಕೆ ಮೊದಲು ಬೇಜಾರಾಯಿತು. ಕಾದಂಬರಿ ನಿಜಕ್ಕೂ ಹಿಡಿಸಿಲ್ಲ, ಮರ್ಯಾದೆಗೆ ಹೊಗಳಿದ್ದಾರೆ ಎಂದುಕೊಂಡೆ. ಆದರೆ ಅತ್ತಿಕೊಪ್ಪದ ಹೆಸರು ತಲೆಯಲ್ಲಿ ಕೂತುಬಿಟ್ಟಿತ್ತು. ನಿನ್ನೆ ಭಾನುವಾರ ಹಾವೇರಿ ಬಸ್ಸು ಹತ್ತಿ, ಅಲ್ಲೊಮ್ಮೆ, ಶಿಗ್ಗಾಂವಿಯಲ್ಲೊಮ್ಮೆ ಬದಲಿಸಿ ದುಂಡಸಿಯಲ್ಲಿ ಇಳಿದೆ. ಅತ್ತಿಕೊಪ್ಪ ಎಂದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಒಬ್ಬರು, “ಓ, ಬೇಚರಾಕ ಅನ್ರಿ. ಹಂಗ ಕಾಲುದಾರಿ ಹಿಡದು ಹೋಗ್ರಿ” ಎಂದರು. ನಾನು ಕಾಲ್ಪನಿಕ ಊರಿಗೆ ಇಟ್ಟ ಹೆಸರನ್ನು ಅವರು ದಾರಿ ತೋರಿಸಲು ಬಳಸುತ್ತಾರೆ!

ಪಾಳುಗೋಡೆಗಳ ಫೋಟೋ ತೆಗೆಯಬೇಕೆಂದು ಹೋಗಿದ್ದೆ. ಒಡೆದ ಕೆರೆಯ ಏರಿ ದಾಟಿದರೆ ಒಲೆಯ ಹೊಗೆ! ಸಾಲು ಮನೆ, ಹತ್ತಿ ಕಟ್ಟಿಗೆಯ ಬಣವೆ, ಕೋಳಿ, ಒಣಹಾಕಿದ ಸೀರೆ. ಹೆಂಗಸೊಬ್ಬರು ಮೆಣಸಿನಕಾಯಿ ಹರವುತ್ತಿದ್ದರು. ಹೆಸರು ಹೊಳೆವ್ವ. ನನ್ನ ಅವ್ವನಿಗಿಂತ ಹಿರಿಯರು.

“ಯಾರ್ರಿ? ಸರ್ವೇದವ್ರೇನು?”

“ಅಲ್ರಿ, ನಾನು ಹಿರೇಕೆರೂರಿನಾಕಿ. ಕಥಿ ಬರೀತೇನಿ.”

“ಹಳೇ ಊರಿನವ್ರ ಕಡ್ಯಾಕಿ ಏನವಾ?”

ಅಲ್ಲ ಎಂದ ಮೇಲೆ ಚಾಪೆ ಹಾಸಿ, “ಕುಂದರ್ರಿ” ಎಂದರು. ಅವರ ಮಾವನ ಕಾಲದಲ್ಲಿ ಕೂಲಿ ಹುಡುಕಿಕೊಂಡು ಬಂದ ಮನೆಗಳು ಖಾಲಿ ಜಾಗ ನೋಡಿ ಇಲ್ಲೇ ಉಳಿದವಂತೆ. ಕಂಟಿ ಕಡಿದು ಹೊಲ ಮಾಡಿಕೊಂಡರಂತೆ. ಇಂದಿಗೂ ಮನೆಗೆ ನಂಬರಿಲ್ಲ, ಕಂಬವಿಲ್ಲ, ವಿಳಾಸವೆಲ್ಲ ದುಂಡಸಿಯ ನೆಂಟರ ಮನೆಯದು. ಹೊಳೆವ್ವನವರ ಮೈದುನ ಗುತ್ತೆಪ್ಪ ಇದನ್ನು ಊರೆಂದು ದಾಖಲಿಸಿರಿ ಎಂದು ವರ್ಷಗಟ್ಟಲೆ ಅರ್ಜಿ ಕೊಡುತ್ತಲೇ ಇದ್ದಾರೆ. ಒಬ್ಬ ಅಧಿಕಾರಿ ಇದು ಅರಣ್ಯ ಎನ್ನುತ್ತಾರಂತೆ, ಇನ್ನೊಬ್ಬರು ಹಳೇ ಊರಿನ ಜಾಗ ಎನ್ನುತ್ತಾರಂತೆ. ಹಳೇ ಊರಿನವರ ಮೊಮ್ಮಕ್ಕಳು ಕಾಗದ ಹಿಡಿದು ಬಂದು ಎಬ್ಬಿಸಿಯಾರು ಎಂಬ ಹೆದರಿಕೆ ಬೇರೆ.

ಹಿಗ್ಗಿನಲ್ಲಿ ನಾನು ಚೀಲದಿಂದ ಪುಸ್ತಕ ತೆಗೆದೆ. “ಹೆಸರೇನು?” ಎಂದು ಕೇಳಿದರು. ಹೇಳಿದೆ.

ಟೀಚರ್, ಅವರು ಕೈಯಲ್ಲಿ ಹಿಡಿದಿದ್ದ ಪುಸ್ತಕವನ್ನು ಚಾಪೆಯ ಮೇಲೆ ಇಟ್ಟುಬಿಟ್ಟರು.

“ಆ ಮಾತು ಇಲ್ಲೆ ಆಡಬ್ಯಾಡ್ರಿ. ರೇಶನ್ ಕಾರ್ಡ್ ಕೇಳಾಕ ಹೋದ್ರ ಅದ ಮಾತು. ಕರೆಂಟ್ ಕೇಳಾಕ ಹೋದ್ರ ಅದ ಮಾತು. ನಿಮ್ದು ಬೇಚರಾಕ, ಅಲ್ಲೆ ಯಾರೂ ಇಲ್ಲ ಅಂತಾರ. ನಾನು ಮುಂದ ನಿಂತಿರ್ತೇನಿ, ನನ್ನ ಮಾರಿ ನೋಡೇ ಹೇಳ್ತಾರ. ನೀವು ಅದನ್ನ ಪುಸ್ತಕದ ಮ್ಯಾಲ ದೊಡ್ಡ ಅಕ್ಷರದಾಗ ಬರದೀರಿ. ತಗೀರಿ ಆ ಹೆಸರು.”

ನಾನು ಕಲ್ಪಿಸಿ ಬರೆದ ದೃಶ್ಯ! ಕಿಟಕಿಯ ಮುಂದಿನ ಮುದುಕಿ! ಮುಂದಿನ ಕಾಲದ್ದೆಂದು ಬರೆದದ್ದು ಇಲ್ಲಿ ಯಾವತ್ತೋ ನಡೆದುಹೋಗಿದೆ. ಬಸ್ಸಿನುದ್ದಕ್ಕೂ ಖುಷಿಯೋ ನಾಚಿಕೆಯೋ ತಿಳಿಯಲಿಲ್ಲ. ಪ್ರಶಾಂತನೊಂದಿಗೆ ಹೆಸರಿಗಾಗಿ ಜಗಳ ಆಡಿ ಗೆದ್ದು ಬಂದಿದ್ದೆ. ಈಗ ಹೊಳೆವ್ವನವರಿಗೆ ಏನು ಹೇಳಲಿ? ನೀವೇ ಹೇಳಿ.

ಅಂಕಿತಾ


ಸವಣೂರು
೧೪ ಫೆಬ್ರುವರಿ ೨೦೨೫

ಅಂಕಿತಾ,

ಮನೆಗಳು ಕೆರೆಯ ಯಾವ ಕಡೆ ಇವೆ? ಹಳೆಯ ತಳಪಾಯದ ಮೇಲೆಯೇ ಕಟ್ಟಿದ್ದಾರೆಯೇ? ಒಟ್ಟು ಎಷ್ಟು ಜಾಗ ಹಿಡಿದಿದ್ದಾರೆ? ಅವರ ಕೈಯಲ್ಲಿ ಯಾವುದಾದರೂ ಕಾಗದ ಇದೆಯೇ? ಕೂಡಲೇ ತಿಳಿಸಿ.

ನನ್ನ ತಾಯಿ ಮರಿಯಮಬಿ ಹುಟ್ಟಿದ್ದು ಅತ್ತಿಕೊಪ್ಪದಲ್ಲಿ.

ಸದ್ಯಕ್ಕೆ ಇದನ್ನು ಅಲ್ಲಿ ಯಾರಿಗೂ ಹೇಳಬೇಡಿ.

ನಸೀರಾ


ಹಿರೇಕೆರೂರು
೧೯ ಫೆಬ್ರುವರಿ ೨೦೨೫

ಮಾನ್ಯರೇ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದರೂ ಒಂದೇ ಅರ್ಥ ಬರುತ್ತಿದೆ. ತಪ್ಪಿದ್ದರೆ ತಿದ್ದಿ.

ಹೊಳೆವ್ವನವರು ನನ್ನನ್ನು ಕೂರಿಸುವ ಮುಂಚೆ ಕೇಳಿದ್ದು ಒಂದೇ ಮಾತು, ಹಳೇ ಊರಿನವರ ಕಡೆಯವಳೇ ಎಂದು. ನಾನು ಅಲ್ಲ ಎಂದೆ. ಆ ಊರಿನ ದಾರಿ ತೋರಿಸಿದ್ದು ನೀವು ಎಂದು ಆಗ ನನಗೆ ಗೊತ್ತಿದ್ದರೂ, ನೀವು ಯಾರೆಂದು ಗೊತ್ತಿರಲಿಲ್ಲ. ನಿಮಗೆ ಅಲ್ಲಿ ಜಮೀನು ಇದೆಯೇ? ಕಾಗದ ಇವೆಯೇ? ಇದ್ದರೆ ನನಗೆ ನೇರವಾಗಿ ಹೇಳಿ. ಅಲ್ಲಿಯವರೆಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲಾರೆ.

ಅಂಕಿತಾ ಪರಮೇಶಪ್ಪ


ಸವಣೂರು
೩ ಏಪ್ರಿಲ್ ೨೦೨೫

ಪ್ರಿಯ ಅಂಕಿತಾ,

ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆದೆ, ಹರಿದೆ. ಮರುವಾರ ಇನ್ನೊಂದು ಬರೆದೆ, ಅದನ್ನೂ ಹರಿದೆ. ಅಷ್ಟರಲ್ಲಿ ರಂಜಾನ್ ಬಂತು, ಸಿಟ್ಟು ಬಿಡುವ ತಿಂಗಳು. ಆದರೂ ಬಿಡಲಿಲ್ಲ. ಬಿಡಿಸಿದ್ದು ನನ್ನ ಅಮ್ಮಿ.

ಹಬ್ಬದ ದಿನ ಸುರಕುಂಬಾ ಕುಡಿದು ಎಲ್ಲರೂ ಕುಳಿತಿದ್ದಾಗ ರಫೀಕ್ ಅವರು, “ಇವ್ಳು ಒಂದು ತಿಂಗಳಿಂದ ಮಾರಿ ಗಂಟ ಹಾಕ್ಕೊಂಡಾಳ, ಹಿರೇಕೆರೂರಿನ ಪತ್ರ ಓದಿದಾಗಿಂದ” ಎಂದುಬಿಟ್ಟರು. ಅಮ್ಮಿ ಓದಿಸಿಯೇ ಬಿಟ್ಟಳು. ‘ಜಮೀನು ಇದೆಯೇ’ ಎಂಬಲ್ಲಿಗೆ ಬಂದಾಗ ನಾನು ತಲೆ ತಗ್ಗಿಸಿದೆ. ಅಮ್ಮಿ ನಕ್ಕಳು! ಬೊಚ್ಚುಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಜಮೀನಾ? ನಮ್ಮಪ್ಪಗ ಅಲ್ಲೆ ಸ್ವಂತದ್ದು ಅಂತ ಇದ್ದದ್ದು ಒಂದು ಆಡು. ಅದೂ ನೀರಾಗ ಹೋತು!”

ಮನೆಯಲ್ಲಿ ನಾವು ಉರ್ದು ಆಡುತ್ತೇವೆ. ಅತ್ತಿಕೊಪ್ಪದ ಮಾತು ಬಂದರೆ ಮಾತ್ರ ಅಮ್ಮಿಗೆ ಕನ್ನಡವೇ ಬರುತ್ತದೆ.

ನಾನು ಕಾಗದದ ಬಗ್ಗೆ ಕೇಳಿದ್ದು, ಕಾಗದವಿಲ್ಲದಿದ್ದರೆ ಅವರನ್ನು ಎಬ್ಬಿಸಿಬಿಟ್ಟಾರು ಎಂಬ ದಿಗಿಲಿನಿಂದ. ಊರು ಇನ್ನೊಂದು ಸಲ ಖಾಲಿಯಾದೀತು ಎಂದು. ಅಮ್ಮಿಗೆ ಸುದ್ದಿ ಹೇಳಿದ ಮೇಲೆ ಹಾಗೇನಾದರೂ ಆದರೆ ಅವಳು ತಾಳುತ್ತಿರಲಿಲ್ಲ. ಮುನ್ನುಡಿ ಒಲ್ಲೆ ಎಂದದ್ದೂ ಅವಳಿಗಾಗಿಯೇ. ಆ ಮಾತಿನ ಬಗ್ಗೆ ಬರೆಯಲು ಕೂತರೆ ಅವಳ ಊರಿನ ಬಗ್ಗೆ ಅವಳನ್ನೇ ಕೇಳಬೇಕಾಗುತ್ತಿತ್ತು. ಸತ್ತುಹೋದದ್ದು ಎಂದು ನಾವೆಲ್ಲ ನಂಬಿದ್ದ ಊರು.

ಈಗ ಅವಳು ಹಬ್ಬದ ಸೀರೆಯನ್ನು ಮಡಿಚಿಟ್ಟಿಲ್ಲ. “ಅದನ್ನ ಉಟ್ಕೊಂಡು ಹೋಗ್ತೇನಿ, ಕರ್ಕೊಂಡ ನಡಿ” ಎನ್ನುತ್ತಿದ್ದಾಳೆ. ಆದರೆ ಹೇಳದೆ ಕೇಳದೆ ಹೋಗಬಾರದು. ಹೊಳೆವ್ವನವರನ್ನು ನೀವೇ ಕೇಳಿ. ಬೇಡ ಎಂದರೆ ಬೇಡ. ಅದನ್ನು ಅಮ್ಮಿಗೆ ಹೇಗೆ ಹೇಳುವುದೋ ನಾನು ನೋಡಿಕೊಳ್ಳುತ್ತೇನೆ.

ನಸೀರಾ


ಹಿರೇಕೆರೂರು
೯ ಏಪ್ರಿಲ್ ೨೦೨೫

ನಸೀರಾ ಅಕ್ಕಾ,

ಇನ್ನು ಮೇಲೆ ಟೀಚರ್ ಎನ್ನುವುದಿಲ್ಲ. ಕ್ಷಮಿಸಿ ಎಂದೂ ಬರೆಯುವುದಿಲ್ಲ, ಎದುರಿಗೆ ಬಂದು ಕಿವಿ ಹಿಡಿದುಕೊಳ್ಳುತ್ತೇನೆ.

ಪತ್ರ ಬಂದ ಮರುದಿನವೇ ರಜೆ ಹಾಕಿ ದುಂಡಸಿಗೆ ಹೋದೆ. ಹೊಳೆವ್ವನವರಿಗೆ ಎಲ್ಲ ಹೇಳಿದೆ, ಆಡಿನ ಮಾತೂ ಸೇರಿ. ಪಕ್ಕದಲ್ಲಿದ್ದ ಗುತ್ತೆಪ್ಪನವರು ಕುಳಿತಲ್ಲಿಂದ ಎದ್ದೇಬಿಟ್ಟರು.

“ಆಕಿ ಬದುಕ್ಯಾಳ? ಹಳೇ ಊರಿನ ಹೆಣಮಗಳು? ಆಕಿಗೆ ಅಗಸಿ ಎಲ್ಲೆ ಇತ್ತು ಅಂತ ಗೊತ್ತೈತೇನು ಕೇಳ್ರಿ!”

ವಿಷಯ ಏನೆಂದರೆ, ಅವರ ಅರ್ಜಿಗೆ ಕೊನೆಗೂ ಜೀವ ಬಂದಿದೆ. ಈ ತಿಂಗಳ ಕೊನೆಯ ಸೋಮವಾರ ಅಧಿಕಾರಿಗಳು ಜಾಗ ನೋಡಲು ಬರುತ್ತಾರೆ. ಈಗಿನ ಮನೆಗಳು ಹಳೆಯ ಊರಿನ ಸೀಮೆಯೊಳಗೇ ಇವೆ ಎಂದು ತೋರಿಸಿದರೆ ಅದು ಅರಣ್ಯವಲ್ಲ, ಊರು. ತೋರಿಸದಿದ್ದರೆ ಮತ್ತೆ ಯಾವ ಕಾಲಕ್ಕೋ! ಹಳೆಯ ಊರ ಬಾಗಿಲು, ಅಗಸಿ, ಎಲ್ಲಿತ್ತೆಂದು ತಿಳಿದವರು ಯಾರೂ ಉಳಿದಿಲ್ಲ.

ಆಮೇಲೆ ಹೊಳೆವ್ವನವರು ಹೇಳಿದರು: “ಸಾಕ್ಷಿ ಹೇಳಾಕ ಬರ್ಲಿ ಅಂತ ನಾ ಕರಿಯಂಗಿಲ್ಲ. ತವರಮನಿಗೆ ಬಂದಂಗ ಬರ್ಲಿ. ಹೇಳೂದು ಬಿಡೂದು ಆಕಿಗೆ ಬಿಟ್ಟದ್ದು.”

ಅಕ್ಕಾ, ನನಗೆ ಅಂದು ಪಿಯು ಪರೀಕ್ಷೆಯ ಕೆಲಸವಿದೆ. ಎಷ್ಟು ಬೇಡಿಕೊಂಡರೂ ಬಿಡುತ್ತಿಲ್ಲ. ನೀವು ಒಂದೊಂದನ್ನೂ ಬರೆಯಬೇಕು. ಒಂದನ್ನೂ ಬಿಡಬಾರದು!

ಅಂಕಿತಾ


ಸವಣೂರು
೩೦ ಏಪ್ರಿಲ್ ೨೦೨೫

ನನ್ನ ಅಂಕಿತಾ,

ಒಂದನ್ನೂ ಬಿಡದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೊ. (ಇನ್ನು ನಾನು ನಿನ್ನನ್ನು ಬಹುವಚನದಲ್ಲಿ ಕರೆಯಲಾರೆ.)

ರಫೀಕ್ ಅವರು ಗೆಳೆಯರ ಜೀಪು ತಂದಿದ್ದರು. ಊರ ಮುಂದೆ ಹೊಳೆವ್ವ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. ಅಮ್ಮಿಯ ಪಾದಕ್ಕೆ ನೀರು ಹಾಕಿ, “ಬರ್ರಿ ಅವ್ವಾ, ನಿಮ್ಮ ಊರು” ಎಂದರು. ಅಮ್ಮಿ, “ನಿಂದೂ ಅಲ್ಲೇನ?” ಎಂದಳು. ಅಷ್ಟೇ. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ನಡೆದರು, ನಮ್ಮನ್ನು ತಿರುಗಿಯೂ ನೋಡಲಿಲ್ಲ.

ಅಧಿಕಾರಿಗಳು ಬಂದರು. ತಾಳ್ಮೆಯ ಮನುಷ್ಯರು, ಆದರೆ ಬಿಸಿಲಿಗೆ ಸೋತಿದ್ದರು. ಅಗಸಿ ಎಲ್ಲಿತ್ತು ಎಂದು ಕೇಳಿದಾಗ ಅಮ್ಮಿ ಧೈರ್ಯವಾಗಿ ಒಂದು ಜಾಗ ತೋರಿಸಿದಳು. ಊರಿನವರು ಗುದ್ದಲಿ ತಂದು ಅಗೆದರು. ಬರೀ ಮಣ್ಣು. ಪಕ್ಕದಲ್ಲಿ ಅಗೆದರು. ಅಲ್ಲೂ ಮಣ್ಣು. ಅಮ್ಮಿಯ ಮುಖ ಚಿಕ್ಕದಾಯಿತು. “ಇಲ್ಲೇ ಇತ್ತಲ್ಲ... ಇಲ್ಲೇ...” ಎನ್ನುತ್ತಾ ನಿಂತಳು. ಗುತ್ತೆಪ್ಪ ಆಕಾಶ ನೋಡತೊಡಗಿದರು. ಅಧಿಕಾರಿಗಳು, “ಇರ್ಲಿ ಅಜ್ಜಿ, ವಯಸ್ಸಾಗೇತಿ” ಎಂದು ಪೆನ್ನು ಮುಚ್ಚಿದರು.

ಆಗ ಹೊಳೆವ್ವ ಅಂದರು, “ತಡೀರಿ ಸಾಹೇಬ್ರ. ಅವ್ವಾ, ನೀವು ನೋಡಾಕತ್ತಿದ್ದು ಈಗಿನ ದಾರಿ. ಇದು ನಾವು ಮಾಡಿದ್ದು. ನೀವು ಸಣ್ಣಾಕಿ ಇದ್ದಾಗ ನೀರು ಎಲ್ಲಿಂದ ತರ್ತಿದ್ರಿ?”

“ಕೆರಿಯಿಂದ.”

“ಹಂಗಾರ ಕೆರಿಯಿಂದ ಬರ್ರಿ.”

ಇ‌ಬ್ಬರೂ ಒಡೆದ ಏರಿಯ ತನಕ ನಡೆದರು. ನಾವೆಲ್ಲ ಹಿಂದೆ. ಅಲ್ಲಿ ಹೊಳೆವ್ವ ತಮ್ಮ ಮನೆಯ ಕೊಡವನ್ನು ಅಮ್ಮಿಯ ಸೊಂಟಕ್ಕೆ ಕೊಟ್ಟರು, ಖಾಲಿ ಕೊಡ. ಅಮ್ಮಿ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ನಡೆದಳು ನೋಡು! ಕೋಲು ಬಿಟ್ಟಳು. ಮಾತಾಡುತ್ತಾ ನಡೆದಳು, “ಇಲ್ಲೆ ಎಡಕ್ಕ ಹೊಂಡ, ಕಾಲು ಜಾರ್ತೈತಿ... ಇಲ್ಲೆ ಬಲಕ್ಕ ತಿರಗೂದು... ಇಲ್ಲೆ ಹುಡುಗ್ರು ಕಲ್ಲು ಒಗೀತಿದ್ರು...” ಕಂಟಿಯ ಪೊದೆಗೆ ಬಂದು ಮುಖ ತಾಗುವಷ್ಟು ಹತ್ತಿರ ನಿಂತಳು. “ಇದರಾಗ.”

ಪೊದೆ ಕಡಿದರು. ಒಂದು ಆಳೆತ್ತರದ ಕಲ್ಲುಕಂಬ ಒರಗಿ ಬಿದ್ದಿತ್ತು. ಅದರ ಜೊತೆಯದು ಹತ್ತಿರದಲ್ಲೇ ಅರ್ಧ ಹೂತಿತ್ತು. ಎರಡರ ನಡುವೆ ಗಾಡಿಯ ಗಾಲಿ ಸವೆಸಿದ ಹಾಸುಗಲ್ಲು! ಅಂಕಿತಾ, ಆ ಕೂಗು ನೀನು ಕೇಳಬೇಕಿತ್ತು. ದುಂಡಸಿಯವರೆಗೂ ಕೇಳಿಸಿರಬೇಕು. ಗುತ್ತೆಪ್ಪ ಕಲ್ಲನ್ನು ತಬ್ಬಿ ಅಳುತ್ತಿದ್ದರು. ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದು ಅಳತೆಯವರನ್ನು ಕರೆದರು. ಹೊಳೆವ್ವನ ಮನೆಯೂ, ಉಳಿದ ಎಲ್ಲ ಮನೆಗಳೂ ಅಗಸಿಯ ಒಳಗೇ ಬಂದವು.

ಊಟದ ಹೊತ್ತಿಗೆ ನಿನ್ನ ಪುಸ್ತಕದ ಮಾತು ಬಂತು. ಹೊಳೆವ್ವ ಇನ್ನೂ ಮುನಿಸಿನಲ್ಲೇ ಇದ್ದರು. “ಆ ಹುಡುಗಿ ಛಲೋದು. ಪುಸ್ತಕದ ಹೆಸರ ಕೆಟ್ಟದ್ದು” ಎಂದರು. ಅಮ್ಮಿ ರೊಟ್ಟಿ ಮುರಿಯುತ್ತಾ ಆ ಮಾತಿನ ಅರ್ಥ ಹೇಳಿದಳು. ಕೈ ಸನ್ನೆ ಮಾಡಿ, ಚಿರಾಗ್ ಅಂದರೆ ಹೀಗೆ ಹಣತೆ, ಬೇ ಅಂದರೆ ಉಫ್ ಎಂದು. ಹೊಳೆವ್ವನ ಕೈ ತಾಟಿನ ಮೇಲೆಯೇ ನಿಂತಿತು.

“ದೀಪ ಇಲ್ಲದ್ದು ಅಂತನಾ? ನಾನು ಇಷ್ಟು ದಿನ ಅದನ್ನ ಹೊಲಸ ಬೈಗಳ ಅಂತ ತಿಳಕೊಂಡಿದ್ದೆ.” ತಾಟು ಬದಿಗಿಟ್ಟು ಅಂದರು, “ನಾನು ಈ ಮನಿಗೆ ಬಂದಾಗಿಂದ ಒಂದು ಸಂಜಿನೂ ದೀಪ ತಪ್ಪಿಸಿಲ್ಲ. ದೀಪ ಇಲ್ಲದ್ದು ನಮ್ಮೂರಾಗ ಅಲ್ಲವಾ. ಅದನ್ನ ಬರದಿಟ್ಟ ಕಚೇರ್ಯಾಗ.”

ಅಧಿಕಾರಿಗಳು ಅಲ್ಲೇ ಪಂಕ್ತಿಯಲ್ಲಿ ಕುಳಿತಿದ್ದರು. ಅವರೇ ಮೊದಲು ನಕ್ಕರು. ಹೊಳೆವ್ವ ನಗಲಿಲ್ಲ. ನನ್ನ ಕಡೆ ತಿರುಗಿ, “ಆಕಿಗೆ ಹೇಳ್ರಿ, ಹೆಸರ ಇರ್ಲಿ. ಯಾರಿಗೆ ಆ ಹೆಸರ ಅಂತ ಮಾತ್ರ ತಿಳಿಯುವಂಗ ಬರಿ ಅಂತ ಹೇಳ್ರಿ” ಎಂದರು.

ಹೇಳಿದ್ದೇನೆ.

ನಿನ್ನ ಅಕ್ಕ,
ನಸೀರಾ


ಹಿರೇಕೆರೂರು
೧೬ ನವೆಂಬರ್ ೨೦೨೫

ಅಕ್ಕಾ,

ಮಳೆಗಾಲವಿಡೀ ನಾವು ಬರೆದದ್ದೆಲ್ಲ ಒಂದೇ: ‘ಇನ್ನೂ ಏನೂ ಬಂದಿಲ್ಲ’. ಈಗ ಬಂದಿದೆ! ಮೊನ್ನೆ ಶಿಗ್ಗಾಂವಿಗೆ ಹೋಗಿ ನನ್ನ ಕಣ್ಣಾರೆ ನೋಡಿದೆ. ಗೋಡೆಗೆ ಅಂಟಿಸಿದ ಕರಡು ಪ್ರಕಟಣೆಯಲ್ಲಿ ‘ಅತ್ತಿಕೊಪ್ಪ’ ಎಂದಿದೆ. ಇನ್ನೂ ಕರಡೇ, ಆಕ್ಷೇಪಣೆಯ ಅವಧಿ ಉಳಿದಿದೆ ಎಂದು ಗುತ್ತೆಪ್ಪನವರು ಎಚ್ಚರಿಸಿದರು. ಹಾಗೆ ಎಚ್ಚರಿಸುವಾಗ ಅವರ ಮೀಸೆಯಡಿಯ ನಗು ನಿಲ್ಲುತ್ತಿರಲಿಲ್ಲ.

ಅಲ್ಲಿಂದ ನೇರ ಹಾನಗಲ್ಲಿಗೆ ಹೋದೆ. ಎರಡನೇ ಮುದ್ರಣ ಅಚ್ಚಾಗಿದೆ. ಹೆಸರು ‘ಬೇಚರಾಕ’ವೇ. ಪುಸ್ತಕದ ಬೆನ್ನಿನ ಮೇಲೆ, ದೀಪ ಇಲ್ಲದ್ದು ಕಚೇರಿಯಲ್ಲಿ ಎಂಬ ಹೊಳೆವ್ವನವರ ಮಾತು, ಅವರ ಹೆಸರಿನೊಂದಿಗೆ. ಪ್ರಶಾಂತ ಅದನ್ನು ಓದಿ, “ಮೇಡಂ, ಒಂದು ಸಾಲಿನ್ಯಾಗ ಆಕಿ ನಿಮ್ಮ ಇಡೀ ಕಾದಂಬರಿ ಹೇಳಿಬಿಟ್ಟಾಳಲ್ರಿ” ಎಂದ. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಮೂರನೇ ಮುದ್ರಣ ಬಂದರೆ ಆ ಸಾಲಿನ ಕೆಳಗೆ ‘ಹೊಳೆವ್ವ, ಅತ್ತಿಕೊಪ್ಪ’ ಎಂದು ಊರಿನ ಹೆಸರನ್ನೂ ಹಾಕಿಸುತ್ತೇನೆ. ಈ ಸಲ ಅಚ್ಚಿಗೆ ಹೋಗುವಾಗ ಪ್ರಕಟಣೆ ಇನ್ನೂ ಬಂದಿರಲಿಲ್ಲ.

ನೀವು ಅಮ್ಮಿಯನ್ನು ಕರೆದುಕೊಂಡು ಹೊಳೆವ್ವನವರ ಮನೆಯಲ್ಲಿ ನಾಲ್ಕು ದಿನ ಇರಲು ಹೋಗಿದ್ದೀರೆಂದು ರಫೀಕ್ ಭಾಯಿ ತಿಳಿಸಿದರು. ಹಾಗಾಗಿ ಈ ಪತ್ರವನ್ನು ಸವಣೂರಿಗೆ ಕಳಿಸುತ್ತಿಲ್ಲ. ಲಕೋಟೆಯ ಮೇಲೆ ನಾನು ಬರೆದ ವಿಳಾಸ ಇದು: ಹೊಳೆವ್ವನವರ ಮನೆ, ಅತ್ತಿಕೊಪ್ಪ, ಅಂಚೆ ದುಂಡಸಿ. ತಲುಪುತ್ತದೋ ಇಲ್ಲವೋ ನೋಡೇಬಿಡೋಣ!

ಅಂಕಿತಾ


ಅತ್ತಿಕೊಪ್ಪ
೨೨ ನವೆಂಬರ್ ೨೦೨೫

ಅಂಕಿತಾ,

ತಲುಪಿತು.

ಪೋಸ್ಟಮನ್ ಬೈಕು ನಿಲ್ಲಿಸಿ, “ಹೊಳೆವ್ವನ ಮನಿ ಯಾವ್ದು?” ಎಂದು ಕೂಗಿದ. ಹತ್ತಿ ಬಿಡಿಸುತ್ತಿದ್ದವರು ಹೊಲದಿಂದ ಓಡಿ ಬಂದರು. ಲಕೋಟೆ ಒಡೆಯಲು ನನಗೆ ಯಾರೂ ಬಿಡಲಿಲ್ಲ. ಗುತ್ತೆಪ್ಪ ವಿಳಾಸವನ್ನು ಜೋರಾಗಿ ಓದಿದರು, ಜನ ಇನ್ನೊಮ್ಮೆ ಎಂದರು, ಇನ್ನೊಮ್ಮೆ ಓದಿದರು. ಊರಿನ ಹೆಸರು ಎಲ್ಲಿದೆ ತೋರಿಸು ಎಂದು ಹೊಳೆವ್ವ ಬೆರಳಿಟ್ಟು ಕೇಳಿದರು. ತೋರಿಸಿದೆ. ಸೆರಗಿನಿಂದ ಬೆರಳು ಒರೆಸಿಕೊಂಡು ಅದರ ಮೇಲೆ ಸವರಿದರು. ಅಮ್ಮಿ ಪಕ್ಕದಲ್ಲಿ ಕುಳಿತು, “ಮಸಿ ಹರಡೀತು, ಹಗರಕ ಮುಟ್ಟು” ಎಂದು ಗದರಿದಳು.

“ಇನ್ನ ಮ್ಯಾಲ ಇಲ್ಲಿಗೂ ಬರಬೇಕಾತೇನು?” ಎಂದು ಪೋಸ್ಟಮನ್ ಕೇಳಿದ. ದಾರಿಯ ಧೂಳು ಅವನ ಹುಬ್ಬಿನ ಮೇಲಿತ್ತು.

“ಬರಬೇಕು ಮತ್ತ” ಎಂದರು ಹೊಳೆವ್ವ. “ಚಾ ಕುಡದು ಹೋಗು. ತಡಿ, ವಾಪಸ್ ಒಯ್ಯಾಕ ನಂದೂ ಒಂದು ಪತ್ರ ಐತಿ.”

ಈಗ ನನ್ನ ಎದುರಿಗೆ ಬಂದು ಕುಳಿತಿದ್ದಾರೆ. ಬಸ್ ಡಿಪೋದ ಸಾಹೇಬರಿಗೆ ಬರೆಯಬೇಕಂತೆ, ನನ್ನ ಹೆಸರಲ್ಲಿ ಅಲ್ಲ, ಅವರ ಹೆಸರಲ್ಲಿ. ಅತ್ತಿಕೊಪ್ಪಕ್ಕೆ ಬಸ್ಸು ಯಾವಾಗಿನಿಂದ ಬಿಡುತ್ತೀರಿ, ಮುಂಜಾನೆ ಬಿಡಿರಿ, ಶಾಲೆಯ ಹೊತ್ತಿಗೆ ಆಗುವಂತೆ ಬಿಡಿರಿ ಎಂದು. “ಬೇಡಿಕೊಳ್ತೇನಿ ಅಂತ ಬರೀಬ್ಯಾಡ್ರಿ. ಕೇಳ್ತೇನಿ ಅಂತ ಬರೀರಿ” ಎನ್ನುತ್ತಿದ್ದಾರೆ. ಪೋಸ್ಟಮನ್ನನ ಚಹಾ ಮುಗಿಯುತ್ತಾ ಬಂದಿದೆ. ಅವರ ಪತ್ರವನ್ನು ಮೊದಲು ಬರೆಯುತ್ತೇನೆ.

ನಸೀರಾ